ಕೊಟ್ಟ ಹಾಡು ಕುಲಕ್ಕೆ ಹೊರಗೆ?

2024ರಲ್ಲಿ ತೆರೆಕಂಡ ಮಲಯಾಳಂ ಚಿತ್ರ ‘ಮಂಜುಮ್ಮೆಲ್ ಬಾಯ್ಸ್’ ನೋಡಿದವರು ಆ ಘಟ್ಟವನ್ನು ಮರೆಯಲಾರರು. ಕೊಡೈಕೆನಾಲ್‌ನ ಗುಹೆಯ ಆಳಕ್ಕೆ ಬಿದ್ದ ಗೆಳೆಯನನ್ನು ಮೇಲಕ್ಕೆ ತರುವಾಗ ಕೇಳಿಬರುವುದು 1991ರ ತಮಿಳು ಚಿತ್ರ ‘ಗುಣಾ’ದ ಪ್ರೇಮಗೀತೆ. ನಲ್ಲೆಗಾಗಿ ಹುಟ್ಟಿದ ಹಾಡು ಇಲ್ಲಿ ಗೆಳೆತನದ ಹಾಡಾಯಿತು. ಪ್ರೇಕ್ಷಕರು ಮೆಚ್ಚಿದರು. ಆದರೆ ಅದರ ಸಂಗೀತ ನಿರ್ದೇಶಕ ಇಳಯರಾಜ, ತಮ್ಮ ಅನುಮತಿ ಪಡೆದಿಲ್ಲವೆಂದು ಅದೇ ವರ್ಷದ ಮೇ ತಿಂಗಳಲ್ಲಿ ವಕೀಲರ ನೋಟಿಸು ಕಳುಹಿಸಿದರು. ಹಕ್ಕು ಹೊಂದಿರುವ ಕಂಪನಿಗಳ ಒಪ್ಪಿಗೆ ಪಡೆದಿದ್ದೇವೆ ಎಂಬುದು ನಿರ್ಮಾಪಕರ ಉತ್ತರ.

ಹಾಗಾದರೆ ಹಾಡು ಯಾರದು?

ಹಣ ಕೊಟ್ಟು ಚಿತ್ರಕ್ಕಾಗಿ ಹಾಡು ಮಾಡಿಸಿದ ನಿರ್ಮಾಪಕನೇ, ಬೇರೆ ಕರಾರು ಇಲ್ಲದಿದ್ದರೆ, ಅದರ ಒಡೆಯ ಎಂದು 1977ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ನಿರ್ಮಾಪಕನಿಂದ ಹಕ್ಕು ಕ್ಯಾಸೆಟ್ ಕಂಪನಿಯ ಕೈಗೆ ಹೋಗುವುದು ವಾಡಿಕೆ. ಚಿತ್ರಮಂದಿರದ ಹೊರಗಿನ ಬಳಕೆಗೆ ಬರುವ ರಾಯಲ್ಟಿಯಲ್ಲಿ ಗೀತರಚನಕಾರರಿಗೂ ಸಂಗೀತ ನಿರ್ದೇಶಕರಿಗೂ ಸಮಪಾಲು ಸಿಗಬೇಕೆಂದು 2012ರ ತಿದ್ದುಪಡಿ ವಿಧಿಸಿತು. ಆದರೆ ಪಾಲು ಬೇರೆ, ಮಾತು ಬೇರೆ. ಹಣ ಬಂದರೂ ‘ಬೇಡ’ ಎನ್ನುವ ಅಧಿಕಾರ ಬರಲಿಲ್ಲ.

ಕೃತಿಸ್ವಾಮ್ಯ ಕಾಯಿದೆಯ 57ನೇ ಕಲಂ ಒಂದು ಆಸರೆ. ಹಕ್ಕು ಮಾರಿದ ಮೇಲೂ, ಕೃತಿಯನ್ನು ವಿರೂಪಗೊಳಿಸಿ ಕರ್ತೃವಿನ ಗೌರವಕ್ಕೆ ಕುಂದು ತಂದರೆ ಆತ ಅದನ್ನು ತಡೆಯಬಹುದು. ಆದರೆ ಹಾಡನ್ನು ಇದ್ದ ಹಾಗೆಯೇ ಒಳ್ಳೆಯ ಸನ್ನಿವೇಶಕ್ಕೆ ಬಳಸಿದರೆ ಕುಂದು ಬಂತೆಂದು ತೋರಿಸುವುದು ಹೇಗೆ?

ಅಮೆರಿಕದಲ್ಲಿ ಹಳೆಯ ಹಾಡನ್ನು ಚಿತ್ರಕ್ಕೆ ಬಳಸಲು ಎರಡು ಅನುಮತಿ ಬೇಕು: ರಚನೆಗೆ ಒಂದು, ಧ್ವನಿಮುದ್ರಣಕ್ಕೆ ಇನ್ನೊಂದು. ಯಾವ ದೃಶ್ಯ, ಎಷ್ಟು ಹೊತ್ತು ಎಂಬುದನ್ನೂ ಮೊದಲೇ ತಿಳಿಸುವುದು ರೂಢಿ. ಲೆಡ್ ಜೆಪ್ಪೆಲಿನ್ ತಂಡ ಸುಲಭಕ್ಕೆ ಹಾಡು ಕೊಡುವಂಥದ್ದಲ್ಲ. 2003ರ ‘ಸ್ಕೂಲ್ ಆಫ್ ರಾಕ್’ ಚಿತ್ರಕ್ಕಾಗಿ ನಟ ಜ್ಯಾಕ್ ಬ್ಲ್ಯಾಕ್ ಜನಸಮೂಹದ ಎದುರು ನಿಂತು ಆ ತಂಡವನ್ನು ಅಂಗಲಾಚಿದ್ದನ್ನು ಚಿತ್ರೀಕರಿಸಿ ಕಳುಹಿಸಲಾಯಿತು. ತಂಡ ಒಪ್ಪಿತು. ಕೇಳಬೇಕಾದವರನ್ನೇ ಕೇಳಿದ್ದರಿಂದ ಜಗಳಕ್ಕೆ ಆಸ್ಪದವೇ ಇರಲಿಲ್ಲ.

ಅಲ್ಲಿಯೂ ಹಕ್ಕನ್ನು ಪೂರ್ತಿ ಮಾರಿಕೊಂಡವರ ಮಾತು ನಡೆಯುವುದು ಕರಾರಿನಲ್ಲಿ ಬರೆಸಿಕೊಂಡಷ್ಟೇ. ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ’ ಎಂಬ ಗಾದೆಯನ್ನು ಇಂದು ಹೆಣ್ಣು ಹೆತ್ತವರು ಒಪ್ಪುವುದಿಲ್ಲ. ಹಾಡು ಹೆತ್ತವರೂ ಒಪ್ಪಬೇಕಿಲ್ಲ. ‘ಬೇರೆ ಚಿತ್ರಕ್ಕೆ ಕೊಡುವ ಮುನ್ನ ನನ್ನನ್ನು ಕೇಳತಕ್ಕದ್ದು’ ಎಂಬ ಒಂದು ಸಾಲನ್ನು ಸಹಿ ಹಾಕುವ ಮೊದಲೇ ಬರೆಸಿಕೊಳ್ಳಬೇಕು. ಹಾಡು ಗೆದ್ದ ಮೇಲೆ ಆ ಸಾಲು ಸೇರಿಸಲು ಯಾರೂ ಒಪ್ಪುವುದಿಲ್ಲ.