ಯಾವ ತಂತಿ ಯಾವ ತೂತಿಗೆ?



ಕಳೆದ ರಾಜ್ಯೋತ್ಸವಕ್ಕೆ "ಮನೆಯಲ್ಲೇ ಹಾಡಿ, ನುಡಿಸಿ, ನಮಗೆ ಕಳಿಸಿ" ಎಂದು ವಾರಗಟ್ಟಲೆ ಮೈಕಿನ ಮುಂದೆ ಹೇಳಿದವಳು ನಾನೇ. ನೀವು ಧಾರಾಳವಾಗಿ ಕಳಿಸಿದಿರಿ. ಆದರೆ ಬಂದದ್ದರಲ್ಲಿ ಅರ್ಧದಷ್ಟನ್ನು ಪ್ರಸಾರ ಮಾಡಲಾಗಲಿಲ್ಲ. ಹಾಡಿದವರದ್ದೇನೂ ತಪ್ಪಿಲ್ಲ. ಒಂದರಲ್ಲಿ ಹಾಡಿಗಿಂತ ಗುಂಯ್ ಎನ್ನುವ ಸದ್ದೇ ಜೋರು. ಇನ್ನೊಂದು ಎಡಗಿವಿಗೆ ಮಾತ್ರ ಕೇಳುತ್ತದೆ. ಮತ್ತೊಂದರಲ್ಲಿ ವೀಣೆ ತಗಡು ಬಡಿದ ಹಾಗಿದೆ. ಒಬ್ಬರಂತೂ "ತಂಬೂರಿ ಹಾಕಿಕೊಂಡೇ ಹಾಡಿದೆ ಮೇಡಂ, ರೆಕಾರ್ಡಿಂಗ್‌ನಲ್ಲಿ ಅದೇ ಇಲ್ಲ" ಎಂದು ಫೋನಿನಲ್ಲಿ ಬೇಸರಪಟ್ಟುಕೊಂಡರು. ಇವರೆಲ್ಲ ದುಡ್ಡು ಕೊಟ್ಟು ಒಳ್ಳೆಯ ಮೈಕು, ಅದರ ಜೊತೆಗೆ ಆಡಿಯೋ ಇಂಟರ್‌ಫೇಸ್ ಎಂಬ ಪುಟ್ಟ ಪೆಟ್ಟಿಗೆ ತಂದಿಟ್ಟುಕೊಂಡವರೇ.

ನಾನೇನೂ ತಪ್ಪು ಮಾಡದವಳಲ್ಲ. ಕೆಲವು ವರ್ಷಗಳ ಹಿಂದೆ ಡೊಂಬಿವಲಿಯ ಕೇಳುಗರೊಬ್ಬರ ಮನೆಗೆ ಹೋಗಿ, ಶಿರಸಿ ಕಡೆಯ ಅಜ್ಜಿಯೊಬ್ಬರಿಂದ ಹಸೆ ಹಾಡು, ಆರತಿ ಹಾಡುಗಳನ್ನು ಧ್ವನಿಮುದ್ರಿಸಿಕೊಂಡೆ. ಮೊದಲು ಅಜ್ಜಿ ನಾಚಿಕೊಂಡು ಮೆಲ್ಲಗೆ ಹಾಡಿದರು. ಸಾಲದೆಂದು ನಾನು ಗೇನ್ ಏರಿಸಿದೆ. ಮೂರನೆಯ ಹಾಡಿಗೆ ಅವರಿಗೆ ಹುರುಪು ಬಂತು, ಪಕ್ಕದ ಮನೆಯವರೂ ಸೊಲ್ಲು ಸೇರಿಸಿದರು. ನಾನು ಹಾಡಿನಲ್ಲೇ ಮೈಮರೆತು ಕೆಂಪು ದೀಪ ನೋಡಲಿಲ್ಲ. ಸ್ಟುಡಿಯೋಗೆ ಬಂದು ಕೇಳಿದರೆ ಏರುದನಿಯೆಲ್ಲ ಹರಿದ ತಮಟೆ. ಮತ್ತೊಮ್ಮೆ ಹೋಗೋಣ ಎನ್ನುವಷ್ಟರಲ್ಲಿ ಅಜ್ಜಿ ಊರಿಗೆ ಮರಳಿದ್ದರು. ಆಮೇಲೆ ಅವರು ಹಾಡುವ ಸ್ಥಿತಿಯಲ್ಲಿರಲಿಲ್ಲ. ಆ ಹಾಡುಗಳಲ್ಲಿ ಎರಡು ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಸರಿ, ಪೆಟ್ಟಿಗೆಯ ವಿಷಯಕ್ಕೆ ಬರೋಣ. ಮೈಕಿನ ದನಿಯನ್ನು ಅಂಕಿಗಳಾಗಿ ಮಾಡಿ ಕಂಪ್ಯೂಟರಿಗೆ ಕೊಡುವುದು ಅದರ ಕೆಲಸ. ಅದಕ್ಕೆ ಮೊದಲು ಬಂದ ಸಂಕೇತವನ್ನು ತಕ್ಕಷ್ಟು ದೊಡ್ಡದು ಮಾಡಬೇಕು. ಎಷ್ಟು ದೊಡ್ಡದು ಎಂಬುದು ನೀವು ಏನನ್ನು ಚುಚ್ಚಿದ್ದೀರಿ ಎಂಬುದರ ಮೇಲೆ ನಿಂತಿದೆ. ಮೈಕಿನಿಂದ ಬರುವುದು ವೋಲ್ಟಿನ ಸಾವಿರದಲ್ಲಿ ಒಂದೆರಡು ಪಾಲು, ನಲ್ಲಿಯಿಂದ ತೊಟ್ಟಿಕ್ಕುವ ಹನಿ ಇದ್ದಂತೆ. ಕೀಬೋರ್ಡ್, ಮಿಕ್ಸರ್‌ಗಳಿಂದ ಬರುವ ಲೈನ್ ಸಂಕೇತ ಹೆಚ್ಚುಕಡಿಮೆ ಒಂದು ವೋಲ್ಟಿನ ಆಸುಪಾಸು, ಅಂದರೆ ಪೂರ್ತಿ ತಿರುಗಿಸಿದ ನಲ್ಲಿ. ಕೀಬೋರ್ಡನ್ನು ಮೈಕಿನ ತೂತಿಗೆ ಹಾಕಿದರೆ ಒಡೆಯುತ್ತದೆ, ಮೈಕನ್ನು ಲೈನಿಗೆ ಹಾಕಿದರೆ ಕೇಳುವುದೇ ಇಲ್ಲ.

ಮೂರನೆಯದು ವೀಣೆ, ಗಿಟಾರ್, ಮ್ಯಾಂಡೊಲಿನ್‌ಗಳಿಗೆ ಅಂಟಿಸುವ ಪಿಕಪ್. ಇದರಲ್ಲಿ ವೋಲ್ಟೇಜ್ ಇರುತ್ತದೆ, ತ್ರಾಣ ಇರುವುದಿಲ್ಲ. ಮೈಕ್ ಇನ್‌ಪುಟ್‌ನ ಪ್ರತಿರೋಧ ಕೆಲವೇ ಸಾವಿರ ಓಮ್, ಲೈನಿನದು ಹತ್ತು ಸಾವಿರದ ಆಸುಪಾಸು. ಅಷ್ಟು ಭಾರ ಬಿದ್ದರೂ ಪಿಕಪ್ ಬಗ್ಗಿಬಿಡುತ್ತದೆ, ಮಂದ್ರದ ನಾದವೆಲ್ಲ ಸೋರಿಹೋಗುತ್ತದೆ. ವೀಣೆ ತಗಡಾಗಿದ್ದು ಹೀಗೆ. ಇದಕ್ಕೆಂದೇ ಪೆಟ್ಟಿಗೆಯ ಮೇಲೆ 'ಇನ್‌ಸ್ಟ್' ಅಥವಾ 'ಹೈ-ಝಡ್' ಎಂದು ಬರೆದ ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಪ್ರತಿರೋಧ ಸುಮಾರು ಹತ್ತು ಲಕ್ಷ ಓಮ್‌ಗೆ ಏರುತ್ತದೆ, ವೀಣೆ ವೀಣೆಯಾಗುತ್ತದೆ. ಆದರೂ ನನ್ನನ್ನು ಕೇಳಿದರೆ, ಮನೆ ಶಾಂತವಾಗಿದ್ದರೆ ವೀಣೆಗೆ ಮುಂದೆ ಒಂದು ಮೈಕ್ ಇಡುವುದೇ ಲೇಸು. ಪಿಕಪ್ ತಂತಿಯ ಸದ್ದು ಹಿಡಿಯುತ್ತದೆ, ಕೊಡದ ಸದ್ದು ಹಿಡಿಯುವುದು ಮೈಕು.

ಬಹುತೇಕ ಪೆಟ್ಟಿಗೆಗಳಲ್ಲಿ ಈಗ ಜೋಡು ತೂತು ಬರುತ್ತದೆ. ಸುತ್ತಲಿನ ಮೂರು ರಂಧ್ರ ಎಕ್ಸ್‌ಎಲ್‌ಆರ್ ಕೇಬಲ್ಲಿಗೆ, ಅದು ಮೈಕಿಗೆ. ನಡುವಿನ ದೊಡ್ಡ ತೂತು 6.35 ಮಿ.ಮೀ. ಜ್ಯಾಕಿಗೆ, ಅದು ವಾದ್ಯ ಮತ್ತು ಲೈನಿಗೆ. ಎಕ್ಸ್‌ಎಲ್‌ಆರ್‌ಗೆ ಮೂರು ಪಿನ್ ಏಕೆ? ಒಂದನೆಯದು ಕವಚ. ಎರಡು ಮತ್ತು ಮೂರನೆಯವು ಒಂದೇ ದನಿಯನ್ನು ಒಂದಕ್ಕೊಂದು ತಿರುಗುಮುರುಗಾಗಿ ಹೊತ್ತು ತರುತ್ತವೆ. ದಾರಿಯಲ್ಲಿ ಟ್ಯೂಬ್‌ಲೈಟಿನದೋ ಫ್ಯಾನ್ ರೆಗ್ಯುಲೇಟರಿನದೋ ಕಿರಿಕಿರಿ ಸೇರಿದರೆ ಎರಡೂ ತಂತಿಗೆ ಒಂದೇ ರೀತಿ ಸೇರುತ್ತದೆ. ಪೆಟ್ಟಿಗೆ ಒಂದರಿಂದ ಇನ್ನೊಂದನ್ನು ಕಳೆಯುತ್ತದೆ. ಸಮನಾಗಿದ್ದ ಕಿರಿಕಿರಿ ಸೊನ್ನೆಯಾಗುತ್ತದೆ, ತಿರುಗುಮುರುಗಾಗಿದ್ದ ದನಿ ಇಮ್ಮಡಿಯಾಗುತ್ತದೆ.

ತಂಬೂರಿ ಮಾಯವಾದ ಗುಟ್ಟು ಇಲ್ಲೇ ಇದೆ. ಆ ಕೇಳುಗರು ಫೋನಿನ ತಂಬೂರಿ ಆ್ಯಪನ್ನು ಹೆಡ್‌ಫೋನ್ ತೂತಿನಿಂದ, ಎರಡೂ ಕಡೆ ಮೂರು ಭಾಗವಿರುವ ಸ್ಟೀರಿಯೋ ಕೇಬಲ್ಲಿನಲ್ಲಿ, ನೇರವಾಗಿ ಪೆಟ್ಟಿಗೆಗೆ ಜೋಡಿಸಿದ್ದರು. ಆ ಕೇಬಲ್ಲಿನ ತುದಿಯಲ್ಲಿ ಎಡದ ದನಿ, ಅದರ ಹಿಂದಿನ ಉಂಗುರದಲ್ಲಿ ಬಲದ ದನಿ ಇರುತ್ತದೆ. ಪೆಟ್ಟಿಗೆಗೆ ಅದು ಗೊತ್ತಿಲ್ಲ. ತನ್ನ ವಾಡಿಕೆಯಂತೆ ಒಂದರಿಂದ ಇನ್ನೊಂದನ್ನು ಕಳೆಯಿತು. ತಂಬೂರಿ ಎರಡೂ ಕಡೆ ಒಂದೇ ಇತ್ತು, ಉಳಿದದ್ದು ಸೊನ್ನೆ! ಪರಿಹಾರ ಅಗ್ಗ. ಒಂದು ಕಡೆ 3.5 ಮಿ.ಮೀ. ಸ್ಟೀರಿಯೋ ಜ್ಯಾಕ್, ಇನ್ನೊಂದು ಕಡೆ ಎರಡು 6.35 ಮಿ.ಮೀ. ಮೋನೋ ಜ್ಯಾಕ್ ಇರುವ ಕವಲು ಕೇಬಲ್ ತನ್ನಿ. ಪೆಟ್ಟಿಗೆಯಲ್ಲಿ ಎರಡೇ ಇನ್‌ಪುಟ್ ಇದ್ದು ಮೊದಲನೆಯದಕ್ಕೆ ಮೈಕ್ ಹೋಗಿದ್ದರೆ, ಕವಲಿನ ಒಂದೇ ಕಾಲನ್ನು ಎರಡನೆಯದಕ್ಕೆ ಹಾಕಿ. ತಂಬೂರಿಗೆ ಅಷ್ಟು ಸಾಕು.

ಎಡಗಿವಿಗೆ ಮಾತ್ರ ಕೇಳುವುದಕ್ಕೆ ಕಾರಣ ತಂತಿಯಲ್ಲ. ಒಂದನೆಯ ಇನ್‌ಪುಟ್‌ಗೆ ಮೈಕ್ ಹಾಕಿ, ಕಂಪ್ಯೂಟರಿನಲ್ಲಿ ಸ್ಟೀರಿಯೋ ಟ್ರ್ಯಾಕ್ ತೆರೆದರೆ ಹಾಗಾಗುತ್ತದೆ. ಒಂದು ಮೈಕಿಗೆ ಒಂದು ಮೋನೋ ಟ್ರ್ಯಾಕ್.

ಕಂಡೆನ್ಸರ್ ಮೈಕಿಗೆ ವಿದ್ಯುತ್ ಬೇಕು. '48ವಿ' ಎಂಬ ಗುಂಡಿ ಒತ್ತಿದರೆ ಅದೇ ಕೇಬಲ್ಲಿನಲ್ಲಿ 48 ವೋಲ್ಟ್ ಹರಿದುಹೋಗುತ್ತದೆ. ವೇದಿಕೆಯಲ್ಲಿ ಕಾಣುವ ಡೈನಾಮಿಕ್ ಮೈಕಿಗೆ ಇದು ಬೇಡ, ಕೇಬಲ್ ಸರಿಯಿದ್ದರೆ ತೊಂದರೆಯೂ ಇಲ್ಲ. ಹಳೆಯ ರಿಬ್ಬನ್ ಮೈಕ್ ಇದ್ದರೆ ಮಾತ್ರ ಗುಂಡಿಯ ಹತ್ತಿರವೂ ಹೋಗಬೇಡಿ. ಕ್ರಮ ಹೀಗಿರಲಿ: ಗೇನ್ ಪೂರ್ತಿ ಇಳಿಸಿ, ಕೇಬಲ್ ಜೋಡಿಸಿ, ಆಮೇಲೆ 48ವಿ, ನಾಲ್ಕೈದು ಸೆಕೆಂಡ್ ಬಿಟ್ಟು ಗೇನ್. ಬಿಚ್ಚುವಾಗ ಮೊದಲು 48ವಿ ಆರಿಸಿ, ಸ್ವಲ್ಪ ಹೊತ್ತು ತಾಳಿ. ಉರಿಯುತ್ತಿರುವಾಗಲೇ ಕಿತ್ತರೆ ಬರುವ ಢಮ್ ಶಬ್ದ ಹೆಡ್‌ಫೋನ್ ಹಾಕಿಕೊಂಡವರ ಕಿವಿಗೆ ಒಳ್ಳೆಯದಲ್ಲ.

ಗೇನ್ ಎಷ್ಟಿರಬೇಕು? ಹಾಡಿನ ಆರಂಭ ಕೇಳಿ ನಿರ್ಧರಿಸಬೇಡಿ, ನಾನು ಕೆಟ್ಟಿದ್ದೇ ಅಲ್ಲಿ. ಹಾಡುಗಾರರ ಅತ್ಯಂತ ಜೋರಾದ ಸಾಲನ್ನು ಮೊದಲು ಹಾಡಿಸಿ. ಆಗ ಮೀಟರಿನ ಮುಳ್ಳು ಮೈನಸ್ 12 ಡೆಸಿಬೆಲ್ ಸುತ್ತ ಇರಲಿ, ಹುರುಪಿಗೆ ಜಾಗ ಉಳಿಯಲಿ. ಸೊನ್ನೆ ಮುಟ್ಟಿದರೆ ತಲೆ ಕತ್ತರಿಸಿದಂತೆ. ಮೆಲ್ಲಗಿದ್ದುದನ್ನು ಆಮೇಲೆ ಏರಿಸಬಹುದು. 24 ಬಿಟ್‌ನಲ್ಲಿ ಮುದ್ರಿಸಿದರೆ ಹಾಗೆ ಏರಿಸುವಾಗ ಮೊರೆತ ಹೆಚ್ಚೇನೂ ಮೇಲೆ ಬರುವುದಿಲ್ಲ.

ಇನ್ನು ಆ ಗುಂಯ್. ನಮ್ಮ ದೇಶದ ಕರೆಂಟು ಸೆಕೆಂಡಿಗೆ 50 ಸಲ ತೂಗುತ್ತದೆ, ಅದೇ ತಗ್ಗು ಮೊರೆತವಾಗಿ ಒಳನುಗ್ಗುತ್ತದೆ. ಮೊದಲು ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ ನೋಡಿ. ಎಷ್ಟೋ ಸಲ ಅಷ್ಟಕ್ಕೇ ನಿಲ್ಲುತ್ತದೆ. ನಿಲ್ಲದಿದ್ದರೆ ಎಲ್ಲ ಉಪಕರಣಗಳನ್ನೂ ಅರ್ಥಿಂಗ್ ಇರುವ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಜೋಡಿಸಿ. ಗುಂಯ್ ನಿಲ್ಲಿಸಲು ಪ್ಲಗ್ಗಿನ ಮೂರನೆಯ ಪಿನ್ ಮುರಿಯುವ ಜಾಣರಿದ್ದಾರೆ, ದಯವಿಟ್ಟು ಆ ಕೆಲಸ ಮಾಡಬೇಡಿ. ಅದು ಜೀವ ಉಳಿಸುವ ಪಿನ್ನು.

ಸ್ಪೀಕರುಗಳು ಪೆಟ್ಟಿಗೆಯ ಹಿಂದಿನ ಔಟ್‌ಪುಟ್‌ಗೆ. ಅವನ್ನು ಎಲ್ಲಕ್ಕಿಂತ ಕೊನೆಗೆ ಹಚ್ಚಿ, ಎಲ್ಲಕ್ಕಿಂತ ಮೊದಲು ಆರಿಸಿ. ಮೈಕ್ ತೆರೆದಿರುವಾಗ ಸ್ಪೀಕರ್ ಬಂದ್, ಹೆಡ್‌ಫೋನ್ ಮಾತ್ರ. ನಿಮ್ಮ ದನಿಯೇ ತಡವಾಗಿ ಕೇಳಿ ತಾಳ ತಪ್ಪುತ್ತಿದ್ದರೆ 'ಡೈರೆಕ್ಟ್ ಮಾನಿಟರ್' ಗುಂಡಿ ಒತ್ತಿ. ದನಿ ಕಂಪ್ಯೂಟರಿಗೆ ಹೋಗಿ ಬರುವ ಸುತ್ತು ತಪ್ಪುತ್ತದೆ.

ಮನೆಯಲ್ಲಿ ಸ್ಟುಡಿಯೋ ಎಂದರೆ ಸಂಕೋಚ ಬೇಡ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಶುರು ಮಾಡಿದ್ದರು, 'ಆಕಾಶವಾಣಿ' ಎಂಬ ಹೆಸರು ಬಂದದ್ದೂ ಆ ಕೇಂದ್ರದಿಂದಲೇ. ಊರಿನಿಂದ ತಂದ ಕೌದಿ ಇದ್ದರೆ ಹಾಡುವವರ ಹಿಂದೆ ತೂಗುಹಾಕಿ, ಗೋಡೆಯ ಮಾರ್ದನಿ ಇಳಿಯುತ್ತದೆ. ಬಾಯಿಗೂ ಮೈಕಿಗೂ ಒಂದು ಗೇಣು ಅಂತರವಿರಲಿ, ಮೈಕ್ ತುಸು ಓರೆಯಾಗಿರಲಿ. ಇಲ್ಲವಾದರೆ ನಮ್ಮ ಪ, ಫ, ಭಗಳ ಗಾಳಿ ನೇರ ಅದಕ್ಕೆ ಬಡಿಯುತ್ತದೆ. ಮಹಾಪ್ರಾಣ ಬಿಡಬೇಡಿ, ಮೈಕನ್ನೇ ಸರಿಸಿ.

ಕಳಿಸುವಾಗ ಎಂಪಿ3 ಬೇಡ, ವೇವ್ ಕಡತವೇ ಇರಲಿ. ಹಾಡು ಶುರುವಾಗುವ ಮುನ್ನ ಹತ್ತು ಸೆಕೆಂಡ್ ಯಾರೂ ಮಾತಾಡದೆ ಸುಮ್ಮನೆ ಕೂತು ಮುದ್ರಿಸಿ. ಆ ಹತ್ತು ಸೆಕೆಂಡಿನಿಂದ ನಿಮ್ಮ ಕೋಣೆಯ ಫ್ಯಾನಿನ ಗುರುತು ಹಿಡಿದು ನಾವು ಇಲ್ಲಿ ಅದನ್ನು ತಗ್ಗಿಸಬಹುದು. ಕುಕ್ಕರಿನ ಸೀಟಿಯನ್ನು ಮಾತ್ರ ನೀವೇ ನೋಡಿಕೊಳ್ಳಬೇಕು.