ಕೂತು ಮಾತಾಡಲು ಒಂದು ಜಾಗ

ಬೆಂಗಳೂರಿನ ಜಯನಗರದಲ್ಲಿ 1983ರಲ್ಲಿ ಕೆಫೆ ದರ್ಶಿನಿ ಶುರುವಾದ ಮೇಲೆ ನಗರದ ಹೋಟೆಲ್ ವ್ಯವಹಾರದ ಲೆಕ್ಕಾಚಾರವೇ ಬದಲಾಯಿತು. ಕುರ್ಚಿಯಿಲ್ಲ, ಮಾಣಿಯಿಲ್ಲ. ಗಿರಾಕಿಯೇ ದುಡ್ಡು ಕೊಟ್ಟು ಚೀಟಿ ಪಡೆದು, ಕೌಂಟರಿನಿಂದ ತಟ್ಟೆ ತಂದು, ಎತ್ತರದ ಮೇಜಿನೆದುರು ನಿಂತು ತಿಂದು ಹೊರಡಬೇಕು. ಒಬ್ಬ ಕೂರುವ ಜಾಗದಲ್ಲಿ ಇಬ್ಬರು ಮೂವರು ನಿಲ್ಲಬಹುದು. ಒಬ್ಬ ಕೂತು ಹರಟುವ ಹೊತ್ತಿನಲ್ಲಿ ಹತ್ತಾರು ಮಂದಿ ಬಂದು ಹೋಗಬಹುದು. ಬಿಸಿ ಇಡ್ಲಿ, ಹಬೆಯಾಡುವ ಕಾಫಿ ಸಾಮಾನ್ಯರ ಕೈಗೆಟುಕುವ ಬೆಲೆಗೆ ದಕ್ಕಿದ್ದು ಈ ವೇಗದಿಂದ. ಅದು ನಗರಕ್ಕಾದ ದೊಡ್ಡ ಉಪಕಾರವೇ ಸರಿ. ಆದರೆ ಅದೇ ಲೆಕ್ಕ ಇನ್ನೊಂದು ಸತ್ಯವನ್ನೂ ಹೇಳುತ್ತದೆ. ನಗರದಲ್ಲಿ ತಿಂಡಿಗಿಂತ ದುಬಾರಿಯಾದದ್ದು ಕೂರುವ ಜಾಗ. ಅಗ್ಗದ ಕಾಫಿ ಬೇಕೆಂದರೆ ನಿಂತೇ ಕುಡಿಯಬೇಕು, ಕೂರಬೇಕೆಂದರೆ ಕಾಫಿಗೆ ಹತ್ತು ಪಟ್ಟು ಬೆಲೆ ತೆರಬೇಕು. ತಂಪು ಗಾಳಿ, ಮೆತ್ತನೆಯ ಸೋಫಾ, ವೈಫೈ ಇರುವ ಕೆಫೆಯಲ್ಲಿ ಬಿಲ್ಲಿನ ಬಹುಪಾಲು ಹೋಗುವುದು ಹಾಲು, ಡಿಕಾಕ್ಷನ್ನಿಗಲ್ಲ; ಒಂದೆರಡು ಗಂಟೆ ಆ ಕುರ್ಚಿಯನ್ನು ಬಾಡಿಗೆಗೆ ಪಡೆಯುವುದಕ್ಕೆ.

ಇದಕ್ಕೆ ಅಪವಾದ ಇರಲಿಲ್ಲವೆಂದಲ್ಲ. ಕಾಫಿ ಮಂಡಳಿ ನಡೆಸುತ್ತಿದ್ದ ಕಾಫಿ ಹೌಸ್‌ಗಳು ಮುಚ್ಚತೊಡಗಿ ನೌಕರರು ಬೀದಿಗೆ ಬಿದ್ದಾಗ, ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಮುಂದಾಳತ್ವದಲ್ಲಿ ನೌಕರರೇ ಸಹಕಾರ ಸಂಘ ಕಟ್ಟಿಕೊಂಡರು. ಅಂಥ ಮೊದಲ ಸಂಘ ಹುಟ್ಟಿದ್ದು ಬೆಂಗಳೂರಿನಲ್ಲೇ, 1957ರ ಆಗಸ್ಟ್‌ನಲ್ಲಿ. ಬಿಳಿ ಸಮವಸ್ತ್ರ, ಪೇಟದ ಮಾಣಿಗಳಿದ್ದ ಎಂ.ಜಿ. ರಸ್ತೆಯ ಇಂಡಿಯಾ ಕಾಫಿ ಹೌಸ್‌ನಲ್ಲಿ ಒಂದು ಲೋಟ ಕಾಫಿಯ ಮೇಲೆ ಗಂಟೆಗಟ್ಟಲೆ ಕೂರುವುದು ವಾಡಿಕೆಯೇ ಆಗಿತ್ತು. ಪತ್ರಕರ್ತರು, ವಿದ್ಯಾರ್ಥಿಗಳು, ವಕೀಲರು, ನಿವೃತ್ತರು ಅಕ್ಕಪಕ್ಕದ ಮೇಜುಗಳಲ್ಲಿರುತ್ತಿದ್ದರು. 2009ರಲ್ಲಿ ಅದು ಆ ಕಟ್ಟಡ ಬಿಟ್ಟು ಚರ್ಚ್ ಸ್ಟ್ರೀಟಿಗೆ ಸ್ಥಳಾಂತರಗೊಳ್ಳಬೇಕಾಯಿತು. ಗಿರಾಕಿಗಳು ಕಡಿಮೆಯಾಗಿರಲಿಲ್ಲ, ಕಾಲ ಕೆಳಗಿನ ನೆಲ ಸಂಘದ್ದಾಗಿರಲಿಲ್ಲ, ಅಷ್ಟೆ. ಲಾಭವನ್ನೇ ಗುರಿಯಾಗಿಸಿಕೊಳ್ಳದ ನೌಕರರ ಸಂಘಕ್ಕೂ ಅಲ್ಲಿ ಉಳಿಯಲಾಗಲಿಲ್ಲ ಎಂದ ಮೇಲೆ, ಸಾಲ ಮಾಡಿ ಅಂಗಡಿ ತೆರೆದವರು ಅಗ್ಗದ ಕಾಫಿಯನ್ನೂ ಆರಾಮದ ಕುರ್ಚಿಯನ್ನೂ ಒಟ್ಟಿಗೆ ಕೊಡಲಿ ಎಂದು ಬಯಸುವುದು ನ್ಯಾಯವಲ್ಲ. ಕೂರುವ ಜಾಗವನ್ನು ಊರೇ ಒದಗಿಸಬೇಕು, ಕುಡಿಯುವ ನೀರು, ಬೀದಿದೀಪಗಳನ್ನು ಒದಗಿಸುವ ಹಾಗೆ.

ಅಷ್ಟಕ್ಕೂ ಅಂಥ ಜಾಗ ಯಾಕೆ ಬೇಕು? ಅಮೆರಿಕದ ಸಮಾಜಶಾಸ್ತ್ರಜ್ಞ ರೇ ಓಲ್ಡನ್‌ಬರ್ಗ್ 1989ರಲ್ಲಿ ಬರೆದ ಪುಸ್ತಕದಲ್ಲಿ, ಮನೆ ಮತ್ತು ಕೆಲಸದ ಜಾಗದ ಆಚೆಗೆ ಮನುಷ್ಯನಿಗೆ ಮೂರನೆಯ ತಾಣವೊಂದು ಬೇಕು ಎಂದು ವಾದಿಸಿದರು. ಅಲ್ಲಿಗೆ ಹೋಗಲು ಹೆಚ್ಚು ಖರ್ಚಾಗಬಾರದು, ಕರೆ ಬೇಕಿಲ್ಲ, ಹುದ್ದೆ ಅಂತಸ್ತು ಬಾಗಿಲಾಚೆ ಉಳಿಯಬೇಕು, ಮಾತೇ ಅಲ್ಲಿನ ಮುಖ್ಯ ಕಸುಬು. ಇದನ್ನು ತಿಳಿಯಲು ಕನ್ನಡಿಗರು ಅಮೆರಿಕಕ್ಕೆ ಹೋಗಬೇಕಿರಲಿಲ್ಲ. ಜಿ.ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆಯ ಧಾರವಾಡದ ಅಟ್ಟ ಒಂದು ಪ್ರಕಾಶನದ ಕಚೇರಿ ಮಾತ್ರ ಆಗಿರಲಿಲ್ಲ. ಹೆಸರಾಂತ ಬರಹಗಾರರೂ ಇನ್ನೂ ಹೆಸರು ಮಾಡಬೇಕಿದ್ದ ಹುಡುಗರೂ ಮೆಟ್ಟಿಲು ಹತ್ತಿ ಬಂದು ಕೂತು ವಾದಿಸುತ್ತಿದ್ದ ಜಾಗ ಅದು. ಗಿರೀಶ ಕಾರ್ನಾಡರಂಥವರು ಬರಹಗಾರರಾಗಿ ಬೆಳೆದದ್ದರಲ್ಲಿ ಆ ಅಟ್ಟದ ಪಾಲಿದೆ. ಸಾಹಿತ್ಯದ ಮಾತು ಹಾಗಿರಲಿ. ಪೇಯಿಂಗ್ ಗೆಸ್ಟ್ ಕೋಣೆಯಲ್ಲಿ ಮೂವರ ಜೊತೆ ಮಲಗುವ ಹುಡುಗಿ, ಮಗನ ಸಂಸಾರದೊಂದಿಗೆ ಹೊಸ ಊರಿಗೆ ಬಂದು ಅಪಾರ್ಟ್‌ಮೆಂಟಿನ ಹನ್ನೊಂದನೇ ಮಹಡಿಯಲ್ಲಿ ದಿನ ಕಳೆಯುವ ಮುದುಕರು, ಎರಡು ಪಾಳಿಗಳ ನಡುವೆ ಬೈಕಿನ ಮೇಲೆಯೇ ಒರಗುವ ಡೆಲಿವರಿ ಹುಡುಗ, ಇವರಿಗೆ ಇದು ದಿನನಿತ್ಯದ ಅಗತ್ಯ. ಮನೆಯಲ್ಲಿ ಜಾಗವಿಲ್ಲದವನಿಗೇ ಊರಿನ ಜಾಗ ಹೆಚ್ಚು ಬೇಕು. ಅವನ ಜೇಬಿನಲ್ಲೇ ಕೆಫೆಯ ದುಡ್ಡು ಇರುವುದಿಲ್ಲ.

ಹಿಂದೆ ಅರಳಿಕಟ್ಟೆ ಇತ್ತು, ಜಗಲಿ ಇತ್ತು, ಎಲ್ಲ ಹಾಳಾಯಿತು ಎಂದು ಹಲುಬುವವರಿದ್ದಾರೆ. ಆ ಹಲುಬುವಿಕೆಯಲ್ಲಿ ಅರ್ಧ ಸತ್ಯವಿದೆ. ಕಟ್ಟೆಯ ಮೇಲೆ ಕೂರುವ ಹಕ್ಕು ಊರಿನ ಎಲ್ಲರಿಗೂ ಇರಲಿಲ್ಲ. ದಲಿತರು ದೂರ ನಿಲ್ಲಬೇಕಿತ್ತು, ಹೆಣ್ಣುಮಕ್ಕಳು ತಲೆತಗ್ಗಿಸಿ ಹಾದುಹೋಗಬೇಕಿತ್ತು. ಊಟದ ಹೋಟೆಲುಗಳಲ್ಲೂ ಬ್ರಾಹ್ಮಣರಿಗೆ ಬೇರೆ ಪಂಕ್ತಿ ಇದ್ದ ಕಾಲ ತೀರಾ ಹಿಂದಿನದೇನಲ್ಲ. ಹಾಗಾಗಿ ಈಗ ಬೇಕಾಗಿರುವುದು ಕಟ್ಟೆಯ ಮರುಸ್ಥಾಪನೆಯಲ್ಲ, ಕಟ್ಟೆ ಯಾರಿಗೆ ಸಿಕ್ಕಿರಲಿಲ್ಲವೋ ಅವರಿಗೂ ಸಿಗುವಂಥ ತಾಣ. ಮುಂಬೈಯನ್ನು ಅಧ್ಯಯನ ಮಾಡಿ ಶಿಲ್ಪಾ ಫಡ್ಕೆ, ಸಮೀರಾ ಖಾನ್, ಶಿಲ್ಪಾ ರಾನಡೆ 2011ರಲ್ಲಿ ಪ್ರಕಟಿಸಿದ ಪುಸ್ತಕ ಇದನ್ನೇ ಎತ್ತಿ ತೋರಿಸಿತು: ಹೆಂಗಸು ಬೀದಿಗೆ ಬರಲು ಕೆಲಸ, ಖರೀದಿ, ಮಗುವಿನ ಶಾಲೆ ಇಂಥ ಏನಾದರೊಂದು ಕಾರಣ ತೋರಿಸಬೇಕು, ಸುಮ್ಮನೆ ಕೂರುವ ಸ್ವಾತಂತ್ರ್ಯ ಅವಳಿಗಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಕರ್ನಾಟಕದ ಹೆಂಗಸರು ಸರ್ಕಾರಿ ಬಸ್ಸಿನಲ್ಲಿ ಟಿಕೆಟಿನ ದುಡ್ಡಿಲ್ಲದೆ ಪಯಣಿಸುತ್ತಿದ್ದಾರೆ. ಪೇಟೆಗೆ ಬಂದಿಳಿದವಳು ಕೆಲಸ ಮುಗಿದ ಮೇಲೆ ಗೆಳತಿಯೊಡನೆ ಅರ್ಧ ಗಂಟೆ ಎಲ್ಲಿ ಕೂರಬೇಕು? ಬಸ್ ನಿಲ್ದಾಣದ ಕಬ್ಬಿಣದ ಕುರ್ಚಿಯ ಹೊರತು ಹೆಚ್ಚಿನ ತಾಲ್ಲೂಕು ಕೇಂದ್ರಗಳಲ್ಲಿ ಉತ್ತರವಿಲ್ಲ.

ಪಾರ್ಕು ಇದೆಯಲ್ಲ ಎನ್ನಬಹುದು. ಇದೆ, ಕಬ್ಬನ್ ಪಾರ್ಕ್, ಲಾಲ್‌ಬಾಗ್‌ನಂಥವು ಈ ನಾಡಿನ ಭಾಗ್ಯ. ಆದರೆ ಬಡಾವಣೆಯ ಪುಟ್ಟ ಪಾರ್ಕುಗಳ ಗೇಟಿಗೆ ವರ್ಷಗಟ್ಟಲೆ ಮಧ್ಯಾಹ್ನ ಬೀಗ ಬೀಳುತ್ತಿತ್ತು, ಬಿಸಿಲಿನಲ್ಲಿ ನೆರಳು ಬೇಕಾದ ಹೊತ್ತಿನಲ್ಲೇ. ಪಾರ್ಕೆಂದರೆ ನಡೆಯುವವರಿಗೆ ಮಾತ್ರ, ಕೂರುವವರು ಸೋಮಾರಿಗಳು ಎಂಬ ಎಣಿಕೆ ಆ ಬೀಗದ ಹಿಂದಿತ್ತು. 2024ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆ ತನ್ನ ಪಾರ್ಕುಗಳನ್ನು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಲು ಮುಂದಾದದ್ದು ಒಳ್ಳೆಯ ಹೆಜ್ಜೆ. ಅದಕ್ಕೆ ಕೇಳಿಬಂದ ಆಕ್ಷೇಪ ಹಳೆಯದೇ: ಪುಂಡರು ಸೇರುತ್ತಾರೆ, ಪ್ರೇಮಿಗಳು ಬಂದು ಕೂರುತ್ತಾರೆ, ನೆರೆಹೊರೆಗೆ ಕಿರಿಕಿರಿ. ರಾತ್ರಿಯ ಗಲಾಟೆ ನಿಜವಾದ ತೊಂದರೆಯೇ, ಅಲ್ಲಗಳೆಯಬಾರದು. ಆದರೆ ನ್ಯೂಯಾರ್ಕಿನ ಚೌಕಗಳನ್ನು ವರ್ಷಗಟ್ಟಲೆ ಚಿತ್ರೀಕರಿಸಿ ಗಮನಿಸಿದ ವಿಲಿಯಂ ವೈಟ್ 1980ರಲ್ಲಿ ಕೊಟ್ಟ ತೀರ್ಮಾನ ಬೇರೆ. ಕೂರಲು ಅನುಕೂಲವಿದ್ದಲ್ಲಿ ಜನ ಕೂರುತ್ತಾರೆ. ಬೇಡದವರನ್ನು ದೂರವಿಡುವ ದಾರಿಯೆಂದರೆ ಆ ಜಾಗ ಉಳಿದೆಲ್ಲರಿಗೂ ಹಿತವಾಗುವಂತೆ ಮಾಡುವುದು. ಬೆಂಚು ಕಿತ್ತು ದೀಪ ಆರಿಸಿದರೆ ಮೊದಲು ಜಾಗ ಬಿಡುವುದು ಅಜ್ಜಿಯರು, ಮಕ್ಕಳು, ಹುಡುಗಿಯರು. ಆಮೇಲೆ ಉಳಿಯುವವರು ನಾವು ಹೆದರಿದ್ದ ಪುಂಡರೇ. ಪ್ರೇಮಿಗಳ ಬಗ್ಗೆ ಹೇಳುವುದಾದರೆ, ಅವರೂ ಈ ಊರಿನವರೇ.

ಮಳೆಗಾಲದಲ್ಲಿ, ಏಪ್ರಿಲ್ ಬಿಸಿಲಿನಲ್ಲಿ ಪಾರ್ಕು ಸಾಲದು, ಸೂರು ಬೇಕು. ಆ ಸೂರಿಗೆ ನಾವು ಆಗಲೇ ದುಡ್ಡು ಕೊಡುತ್ತಿದ್ದೇವೆ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಉಪಕರವೂ ಸೇರುತ್ತದೆ, ಈಗ ಅದು ತೆರಿಗೆಯ ಶೇ 6. ಬಾಡಿಗೆದಾರನೂ ಬಾಡಿಗೆಯ ಮೂಲಕ ಅದನ್ನು ಕೊಡುತ್ತಾನೆ. ಹೀಗೆ ಸಂಗ್ರಹವಾದ ಹಣವನ್ನು ಸ್ಥಳೀಯ ಸಂಸ್ಥೆಗಳು ಪೂರ್ತಿ ಗ್ರಂಥಾಲಯಗಳಿಗೆ ದಾಟಿಸುತ್ತಿಲ್ಲ ಎಂಬುದು ಹಳೆಯ ದೂರು. ನಮ್ಮ ನಗರದ ಶಾಖಾ ಗ್ರಂಥಾಲಯಗಳಿಗೆ ಹೋದರೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಂದ ಕುರ್ಚಿಗಳು ತುಂಬಿರುತ್ತವೆ, ಅನೇಕ ಕಡೆ ಮಧ್ಯಾಹ್ನ ಬಾಗಿಲು ಹಾಕಿರುತ್ತದೆ. ಗ್ರಂಥಾಲಯದಲ್ಲಿ ಮಾತಾಡುವಂತಿಲ್ಲವಲ್ಲ ಎಂಬುದು ಸಹಜವಾದ ಪ್ರಶ್ನೆ. 2018ರ ಡಿಸೆಂಬರ್‌ನಲ್ಲಿ ಹೆಲ್ಸಿಂಕಿಯಲ್ಲಿ ತೆರೆದ ಊಡಿ ಗ್ರಂಥಾಲಯ ಇದಕ್ಕೆ ಸರಳ ಉಪಾಯ ಮಾಡಿತು: ಓದಿಗೆ ಒಂದು ಮಹಡಿ, ಮಾತಿಗೆ, ಹೊಲಿಗೆಗೆ, ಕೂಟಗಳಿಗೆ ಬೇರೆ ಮಹಡಿಗಳು, ಕೆಳಗೊಂದು ಕೆಫೆ. ಫಿನ್ಲೆಂಡಿನ ಶ್ರೀಮಂತಿಕೆ ನಮಗಿಲ್ಲ ಎಂದರೆ ಒಪ್ಪುವ ಮಾತು. ಆದರೆ ನಮಗೆ ಬೇಕಾದ್ದು ಅಂಥ ಕಟ್ಟಡವಲ್ಲ, ಈಗಿರುವ ಗ್ರಂಥಾಲಯದ ಮುಂದೆ ಒಂದು ಹೆಂಚಿನ ಜಗಲಿ, ನಾಲ್ಕು ಬೆಂಚು, ಶುಚಿಯಾದ ಶೌಚಾಲಯ. ಕೊನೆಯದ್ದನ್ನು ಮರೆತು ಎಷ್ಟು ಬೆಂಚು ಹಾಕಿದರೂ ಹೆಂಗಸರು, ಮುದುಕರು ಹೆಚ್ಚು ಹೊತ್ತು ಕೂರಲಾರರು. ಬಸವನಗುಡಿಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್, ಡಿ.ವಿ.ಜಿ. ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಎರಡೂ 1945ರಲ್ಲಿ ಹುಟ್ಟಿದವು. ವಾಚನಾಲಯ, ಉಪನ್ಯಾಸ ಎಂದು ಅಪರಿಚಿತರಿಗೂ ಬಾಗಿಲು ತೆರೆದ ಇಂಥ ಸಂಸ್ಥೆಗಳು ಸರ್ಕಾರವೂ ಅಲ್ಲದ, ಅಂಗಡಿಯೂ ಅಲ್ಲದ ದಾರಿ ಒಂದಿದೆಯೆಂದು ತೋರಿಸಿವೆ.

ಇನ್ನು ಫೋನು. ಎಲ್ಲರೂ ವಾಟ್ಸ್ಆ್ಯಪ್‌ನಲ್ಲೇ ಸಿಗುವಾಗ ಬೆಂಚು ಯಾರಿಗೆ ಬೇಕು ಎಂಬ ವಾದಕ್ಕೆ ಕಬ್ಬನ್ ಪಾರ್ಕಿನ ಹುಲ್ಲುಹಾಸೇ ಉತ್ತರ ಕೊಟ್ಟಿದೆ. 2023ರಿಂದ ಅಲ್ಲಿ ಪ್ರತಿ ಶನಿವಾರ ಕಬ್ಬನ್ ರೀಡ್ಸ್ ಹೆಸರಿನಲ್ಲಿ ಜನ ತಂತಮ್ಮ ಪುಸ್ತಕ, ಚಾಪೆ ತಂದು ಮರದಡಿ ಮೌನವಾಗಿ ಓದುತ್ತಾರೆ. ಶುಲ್ಕವಿಲ್ಲ, ನೋಂದಣಿಯಿಲ್ಲ. ಅದರ ಸುದ್ದಿ ಹಬ್ಬಿದ್ದು ಫೋನಿನಿಂದಲೇ, ದೇಶ ವಿದೇಶದ ಹಲವು ನಗರಗಳು ಅದನ್ನು ಅನುಸರಿಸಿದವು. ಫೋನು ಜನರನ್ನು ಒಟ್ಟುಗೂಡಿಸಬಲ್ಲದು, ಕೂರಲು ಜಾಗ ಕೊಡಲಾರದು.

ಗ್ರಂಥಾಲಯವನ್ನು ಕೂರುವ ಜಾಗವಾಗಿಸುವ ಕೆಲಸದಲ್ಲಿ ಹಳ್ಳಿಗಳು ನಗರಗಳಿಗಿಂತ ಮುಂದಿವೆ. 2019ರಲ್ಲಿ ಗ್ರಾಮ ಪಂಚಾಯತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಯ ಸುಪರ್ದಿಗೆ ಬಂದ ಮೇಲೆ, ಅರಿವು ಕೇಂದ್ರಗಳೆಂಬ ಹೆಸರು ಪಡೆದು ಸಾವಿರಾರು ಊರುಗಳಲ್ಲಿ ಗೋಡೆಗಳಿಗೆ ಬಣ್ಣ, ಮಕ್ಕಳಿಗೆ ಪುಸ್ತಕ, ಕಂಪ್ಯೂಟರು ಬಂದಿವೆ. ಶಾಲೆ ಬಿಟ್ಟ ಮೇಲೆ ಮಕ್ಕಳು ಅಲ್ಲಿ ಕೂತು ಚದುರಂಗ ಆಡುತ್ತಾರೆ. ಅವರ ಅಮ್ಮಂದಿರಿಗೆ, ಅಜ್ಜಂದಿರಿಗೆ ಅಲ್ಲೇ ಹೊರಗೊಂದು ನೆರಳಿನ ಕಟ್ಟೆ ಕಟ್ಟಲು ಪಂಚಾಯತಿಗೆ ಹೊಸ ಕಾನೂನು ಬೇಕಿಲ್ಲ. ಗ್ರಾಮಸಭೆಯಲ್ಲಿ ರಸ್ತೆ, ಚರಂಡಿಯ ಬೇಡಿಕೆಗಳ ಜೊತೆ ಅದನ್ನೂ ಬರೆಸಬೇಕು, ಕೇಳುವವರಲ್ಲಿ ಹೆಂಗಸರೂ ಇರಬೇಕು.