ಎರಡು ಡಾಲರಿನೊಳಗಿನ ದೆವ್ವ

ಐರ್ಲೆಂಡಿನ ಮೇಯೊ ಕೌಂಟಿಯ ಟರ್ಲೋ ಪಾರ್ಕಿನಲ್ಲಿ ಅಲ್ಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಗ್ರಾಮೀಣ ಬದುಕಿನ ವಿಭಾಗವಿದೆ. ಅದರ ಸಂಗ್ರಹದಲ್ಲಿ ಒಂದು ಪುಟ್ಟ ಮುಖ. ಗುಳಿಬಿದ್ದ ಕಣ್ಣು, ಬತ್ತಿದ ಕೆನ್ನೆ, ಕಿಸಿದ ಬಾಯಲ್ಲಿ ಮೊಂಡು ಹಲ್ಲು. ಸತ್ತ ಮುದುಕನೊಬ್ಬ ಹಳೇ ಸಾಲ ನೆನಪಾಗಿ ಎದ್ದು ಬಂದಂತಿದೆ. ಮೂಲದಲ್ಲಿ ಅದೊಂದು ಟರ್ನಿಪ್ ಗೆಡ್ಡೆ, ನಮ್ಮ ನವಿಲುಕೋಸಿನ ದಾಯಾದಿ. ಅಕ್ಟೋಬರ್ 31ರ ಹ್ಯಾಲೋವೀನ್ ರಾತ್ರಿ ಒಳಗೆ ಬೆಂಕಿಯಿಟ್ಟು ಹೊರಗಿಡುತ್ತಿದ್ದ ಬಗೆಯ ದೀಪ. ಈಗ ಇಂಥದ್ದನ್ನು ಯಾರೂ ಮಾಡುವುದಿಲ್ಲ ಎಂದು ಡೊನೆಗಾಲ್ ಕೌಂಟಿಯ ಫಿನ್‌ಟೌನಿನ ಶಿಕ್ಷಕರೊಬ್ಬರು 1943ರಲ್ಲಿ ಅದನ್ನು ಸಂಗ್ರಹಾಲಯಕ್ಕೆ ಕೊಟ್ಟರು. ಗೆಡ್ಡೆ ಪುಡಿಯಾಗತೊಡಗಿದ್ದರಿಂದ ಅದರ ಪ್ಲಾಸ್ಟರ್ ಅಚ್ಚು ತೆಗೆದಿಟ್ಟರು. ಇಂದಿನ ಅಂಗಡಿಗಳಲ್ಲಿ ಸಿಗುವ ಯಾವ ರಬ್ಬರ್ ಮುಖವೂ ಇದರ ಮುಂದೆ ನಿಲ್ಲುವುದಿಲ್ಲ. ಇದಕ್ಕೆ ಆದ ಖರ್ಚಾದರೂ ಎಷ್ಟು? ಹೊಲದಲ್ಲಿ ಬೆಳೆದ ಗೆಡ್ಡೆ, ಅಡುಗೆಮನೆಯ ಚಾಕು. ಕೊರೆದದ್ದು ಮನುಷ್ಯ, ಹೆದರಿಸುವ ಸುಕ್ಕುಗಳನ್ನು ಮೂಡಿಸಿದ್ದು ಮಾತ್ರ ಗೆಡ್ಡೆ ಒಣಗಿದ ಪರಿ. ಹ್ಯಾಲೋವೀನಿಗೆ ಕಡಿಮೆ ದುಡ್ಡಿನಲ್ಲಿ ಮನೆ ಸಿಂಗರಿಸುವುದು ಬಡವರ ರಾಜಿ ಎಂಬ ಮಾತನ್ನು ನಾನು ಒಪ್ಪದಿರುವುದಕ್ಕೆ ಈ ಮುಖವೇ ಮೊದಲ ಸಾಕ್ಷಿ. ಹಬ್ಬದ ಮೂಲ ರೂಪವೇ ಅಗ್ಗದ್ದು. ದುಬಾರಿಯಾದದ್ದು ಆಮೇಲೆ.

ಆಮೇಲಿನದು ಗೊತ್ತಿರುವ ಕಥೆ. ಕ್ಷಾಮದ ಕಾಲದ ಐರಿಷ್ ವಲಸಿಗರು ಅಮೆರಿಕಕ್ಕೆ ಹೋದರು. ಅಲ್ಲಿ ಟರ್ನಿಪ್ಪಿನ ಜಾಗಕ್ಕೆ ಕೊರೆಯಲು ಸುಲಭವಾದ ಕುಂಬಳಕಾಯಿ ಬಂತು. 1909ರಲ್ಲಿ ಮ್ಯಾಸಚೂಸೆಟ್ಸಿನ ಡೆನಿಸನ್ ಎಂಬ ಕಾಗದದ ಕಂಪನಿ ಹ್ಯಾಲೋವೀನ್ ಅಲಂಕಾರ ಹೇಳಿಕೊಡುವ ‘ಬೋಗಿ ಬುಕ್’ ತಂದಿತು. ಹೇಳಿಕೊಟ್ಟದ್ದು ಅಲಂಕಾರ, ಮಾರಿದ್ದು ತನ್ನ ಕ್ರೇಪ್ ಕಾಗದ. ಅದಾದರೂ ಕತ್ತರಿ ಹಿಡಿಯುವ ಕೆಲಸವನ್ನು ಮನೆಯವರಿಗೇ ಬಿಟ್ಟಿತ್ತು. 2020ರಲ್ಲಿ ಹೋಮ್ ಡಿಪೋ ಮಳಿಗೆ ತಂದ ಹನ್ನೆರಡು ಅಡಿ ಎತ್ತರದ ಪ್ಲಾಸ್ಟಿಕ್ ಅಸ್ಥಿಪಂಜರಕ್ಕೆ 299 ಡಾಲರ್. 2023ರ ಹ್ಯಾಲೋವೀನಿಗೆ ಅಮೆರಿಕನ್ನರು ಸುಮಾರು 1,220 ಕೋಟಿ ಡಾಲರ್ ಖರ್ಚು ಮಾಡುತ್ತಾರೆಂದು ಅಲ್ಲಿನ ಚಿಲ್ಲರೆ ವ್ಯಾಪಾರಿಗಳ ಒಕ್ಕೂಟ ಅಂದಾಜಿಸಿತ್ತು. ಅದರಲ್ಲಿ ಅಲಂಕಾರದ ಪಾಲೇ ಸುಮಾರು 390 ಕೋಟಿ.

ದುಡ್ಡು ಹೆಚ್ಚಿದಷ್ಟು ಹೆದರಿಕೆ ಹೆಚ್ಚುತ್ತದೆಯೇ? ಈ ಪ್ರಶ್ನೆಗೆ ಉತ್ತರವನ್ನು ಹ್ಯಾಲೋವೀನ್ ಹೆಸರಿನದೇ ಸಿನಿಮಾ 1978ರಲ್ಲಿ ಕೊಟ್ಟಾಗಿದೆ. ನಿರ್ದೇಶಕ ಜಾನ್ ಕಾರ್ಪೆಂಟರ್ ಅದನ್ನು ಮೂರು ಲಕ್ಷ ಡಾಲರಿಗೆ ತುಸು ಹೆಚ್ಚು ಹಣದಲ್ಲಿ ಮುಗಿಸಿದರು. ಕೊಲೆಗಾರನ ಮುಖವಾಡಕ್ಕೆಂದು ಕಲಾ ನಿರ್ದೇಶನದ ಹೊಣೆ ಹೊತ್ತಿದ್ದ ಟಾಮಿ ಲೀ ವ್ಯಾಲೇಸ್ ಅಂಗಡಿಯಿಂದ ತಂದದ್ದು ‘ಸ್ಟಾರ್ ಟ್ರೆಕ್’ ಧಾರಾವಾಹಿಯ ಕ್ಯಾಪ್ಟನ್ ಕರ್ಕ್‌ನ ಮುಖವಾಡ, ಎರಡು ಡಾಲರಿಗೂ ಕಡಿಮೆ ಬೆಲೆಯದು. ಹುಬ್ಬು, ಕೆನ್ನೆಗೂದಲು ಕಿತ್ತರು, ಕಣ್ಣಿನ ತೂತು ಅಗಲಿಸಿದರು, ಬಿಳಿ ಬಣ್ಣ ಹೊಡೆದರು. ಅಷ್ಟೇ. ಸೇರಿಸಿದ್ದು ಬಣ್ಣವೊಂದನ್ನೇ, ಉಳಿದದ್ದೆಲ್ಲ ತೆಗೆದದ್ದು. ಭಾವವೇ ಇಲ್ಲದ ಆ ಮುಖದಲ್ಲಿ ನೋಡುವವರು ತಮ್ಮ ಭಯವನ್ನು ತಾವೇ ತುಂಬಿಕೊಂಡರು. ಇನ್ನೊಂದು ಸಂಗತಿ ಹೇಳದೆ ಮುಂದೆ ಹೋಗಲು ಮನಸ್ಸಾಗದು. ಕಥೆ ನಡೆಯುವುದು ಇಲಿನಾಯ್ ರಾಜ್ಯದ ಅಕ್ಟೋಬರಿನಲ್ಲಿ. ಚಿತ್ರೀಕರಣ ನಡೆದದ್ದು ಕ್ಯಾಲಿಫೋರ್ನಿಯಾದ ವಸಂತದಲ್ಲಿ. ಉದುರಿದೆಲೆ ಎಲ್ಲಿಂದ ತರಬೇಕು? ಕಂದು ಬಣ್ಣ ಬಳಿದ ಎಲೆಗಳನ್ನು ರಸ್ತೆಗೆ ಚೆಲ್ಲಿ, ಶಾಟ್ ಮುಗಿದೊಡನೆ ಮತ್ತೆ ಬಾಚಿ ತುಂಬಿಕೊಂಡು ಮುಂದಿನ ಬೀದಿಗೆ ಒಯ್ಯುತ್ತಿದ್ದರು. ಕಣ್ಣಿಟ್ಟು ನೋಡಿದರೆ ಹಿಂದೆ ಅಲ್ಲಲ್ಲಿ ತಾಳೆಮರಗಳೂ ಕಾಣುತ್ತವೆ. ಆದರೆ ಹೆದರಿ ಕುಳಿತವರಿಗೆ ತಾಳೆಮರದ ಮೇಲೆ ಕಣ್ಣು ಹೋಗುವುದು ಕಷ್ಟ.

ಮನೆಗೂ ಇದೇ ಲೆಕ್ಕ. ಸಾಮಾನ್ಯವಾಗಿ ಮುಖದ ಮೇಲೆ ಬೆಳಕು ಮೇಲಿನಿಂದ ಬೀಳುತ್ತದೆ. ಕೆಳಗಿನಿಂದ ಬಿಟ್ಟರೆ ನೆರಳುಗಳು ತಿರುಗಾಮುರುಗಾ ಆಗಿ ಗುರುತಿನ ಮುಖವೇ ಬೇರೆಯಾಗುತ್ತದೆ. ಇದಕ್ಕೆ ಬೇಕಾದ್ದು ಒಂದು ಟಾರ್ಚು. ಕಪ್ಪು ಕಾಗದದಲ್ಲಿ ಬೆಕ್ಕು, ಬಾವಲಿ, ಕೈ ಎತ್ತಿ ನಿಂತ ಹೆಂಗಸಿನ ಆಕೃತಿ ಕತ್ತರಿಸಿ ಕಿಟಕಿಗೆ ಅಂಟಿಸಿ, ಒಳಗೆ ದೀಪ ಹಾಕಿದರೆ ಬೀದಿಯಿಂದ ಇಡೀ ಮನೆಯೇ ಬೇರೆ. ಚಹಾ ಡಿಕಾಕ್ಷನ್ನಿನಲ್ಲಿ ಅದ್ದಿ ಒಣಗಿಸಿದ ತೆಳು ಬಟ್ಟೆ ಬಾಗಿಲಲ್ಲಿ ತೂಗಿದರೆ ಗಾಳಿಯೇ ಉಳಿದ ಕೆಲಸ ಮಾಡುತ್ತದೆ. ಕಾಗದ, ಬಟ್ಟೆಗಳ ಹತ್ತಿರ ಮೇಣದ ಬತ್ತಿ ಮಾತ್ರ ಬೇಡ; ಬ್ಯಾಟರಿಯ ಪುಟ್ಟ ದೀಪವೇ ಸಾಕು. ಕೃತಕ ಜೇಡರಬಲೆಯನ್ನು ಹೊರಗಿನ ಗಿಡಗಳಿಗೆ ಹಬ್ಬಿಸುವುದನ್ನೂ ಬಿಡಬೇಕು, ಹಕ್ಕಿಗಳು ಸಿಕ್ಕಿಕೊಳ್ಳುತ್ತವೆ. ಕುಂಬಳಕಾಯಿಯನ್ನು ಕೊರೆದರೆ ವಾರದೊಳಗೇ ಕೊಳೆಯಬಹುದು. ಇಡಿಯಾಗಿಟ್ಟು ಮೇಲೆ ಕಣ್ಣು ಮೂಗು ಅಂಟಿಸಿದರೆ ವಾರಗಟ್ಟಲೆ ನಿಂತು, ಕೊನೆಗೆ ಅಡುಗೆಗೂ ಆಗುತ್ತದೆ.

ಪ್ಲಾಸ್ಟಿಕ್ ಅಸ್ಥಿಪಂಜರ ಹತ್ತು ವರ್ಷ ಬಾಳಿದರೆ ವರ್ಷಕ್ಕೆ ಮೂವತ್ತೇ ಡಾಲರ್ ಆಯಿತಲ್ಲ ಎನ್ನುವವರಿದ್ದಾರೆ. ಗಣಿತ ಸರಿ. ಆದರೆ ಉಳಿದ ಹನ್ನೊಂದು ತಿಂಗಳು ಆ ಹನ್ನೆರಡು ಅಡಿಯವನು ಎಲ್ಲಿ ಮಲಗಬೇಕು? ಜಾಗ ಸಾಲದೆ ಅವನನ್ನು ಅಂಗಳದಲ್ಲೇ ಬಿಟ್ಟು, ಡಿಸೆಂಬರಿನಲ್ಲಿ ಸಾಂಟಾ ಟೋಪಿ ತೊಡಿಸುವವರಿದ್ದಾರೆ. ಟೋಪಿ ತೊಟ್ಟ ದೆವ್ವ ದೆವ್ವವಾಗಿ ಉಳಿಯುವುದಿಲ್ಲ, ಮನೆಯ ನಾಯಿಯಷ್ಟೇ ಸಲುಗೆಯದಾಗುತ್ತದೆ. ಕೈಯಾರೆ ಮಾಡಲು ಸಮಯ ಬೇಕು, ಸಮಯಕ್ಕೂ ಬೆಲೆಯಿದೆ ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಟರ್ನಿಪ್ ಕಲ್ಲಿನಂಥ ಗೆಡ್ಡೆ. ಅದನ್ನು ಕೊರೆಯುವುದೆಂದರೆ ತಾಳ್ಮೆಯ ಜೊತೆಗೆ ಬೆರಳೂ ಅಪಾಯದಲ್ಲಿರುತ್ತದೆ. ಹಾಗಾಗಿ ಅದನ್ನು ಎಷ್ಟೇ ಮೆಚ್ಚಿದರೂ ಮಾಡಿ ಎಂದು ಯಾರಿಗೂ ಹೇಳಲಾರೆ. ಕಿಟಕಿಯ ಕಾಗದ ಹಾಗಲ್ಲ, ಮಕ್ಕಳನ್ನು ಕೂಡಿಸಿಕೊಂಡರೆ ಒಂದು ಸಂಜೆಯ ಕೆಲಸ. ಕೊಳ್ಳಲೇಬೇಕೆಂಬ ಹಟವಿದ್ದರೆ ನವೆಂಬರ್ 1ರವರೆಗೆ ಕಾಯಬಹುದು. ಕನ್ನಡ ಸಂಘದವರು ರಾಜ್ಯೋತ್ಸವಕ್ಕೆ ಬಾವುಟ ಹುಡುಕುವ ಹೊತ್ತಿಗೆ ಅಮೆರಿಕದ ಅಂಗಡಿಗಳಲ್ಲಿ ಉಳಿದ ದೆವ್ವಗಳೆಲ್ಲ ಅರ್ಧ ಬೆಲೆಗೆ ಇಳಿದಿರುತ್ತವೆ.

ಅಲ್ಲಿನ ಕನ್ನಡದ ಮನೆಗಳಿಗೆ ಈ ಮಿತವ್ಯಯ ಇನ್ನೂ ಸಲೀಸು. 2024ರಲ್ಲಿ ನರಕ ಚತುರ್ದಶಿ ಬಿದ್ದದ್ದು ಅಕ್ಟೋಬರ್ 31ಕ್ಕೇ. ಹೊಸಿಲಿನ ರಂಗೋಲಿಗೂ ಮೆಟ್ಟಿಲ ಕುಂಬಳಕಾಯಿಗೂ ಒಂದೇ ಸರದ ದೀಪ ಸಾಕು. ಕಿತ್ತಳೆ, ನೇರಳೆ ಬಣ್ಣದ ಸರ ಕೊಂಡರೆ ಮರುದಿನವೇ ಇಳಿಸಬೇಕು. ಹಳದಿ ಬೆಳಕಿನದಾದರೆ ಕ್ರಿಸ್‌ಮಸ್ ಕಳೆಯುವವರೆಗೂ ಅದೇ ಮೊಳೆಯಲ್ಲಿ ತೂಗಬಹುದು.